ಊರ ಹಾದಿಯಲ್ಲಿ ನಾಲ್ಕು ರಾತ್ರಿ
ಜೀಪು ಮತ್ತು ಡೇರೆಯ ಪ್ರವಾಸಕ್ಕೆ ಬೇಕಾದ ಸಿದ್ಧತೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗರಿಗೆ ಊರಿನ ಪ್ರಯಾಣವೆಂಬುದು ಹೊಸತಲ್ಲ. ಮಧ್ಯಾಹ್ನದ ಮತ್ಸ್ಯಗಂಧಾ ಗಾಡಿಯನ್ನೋ ಸಂಜೆಯ ಬಸ್ಸನ್ನೋ ಹಿಡಿದರೆ, ಮರುದಿನ ಕಣ್ಣು ತೆರೆಯುವಾಗ ತೆಂಗಿನ ತೋಟಗಳು ಕಾಣಿಸುತ್ತವೆ. ನಡುವಿನ ನಾಡೆಲ್ಲ ಕತ್ತಲೆಯಲ್ಲಿ ಸರಿದುಹೋಗಿರುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮನೆಯೂ ಗೊತ್ತು, ಊರೂ ಗೊತ್ತು. ಆದರೆ ಇವೆರಡನ್ನೂ ಕೂಡಿಸುವ ಹಾದಿ ಮಾತ್ರ ಗೊತ್ತಿಲ್ಲ. ಹಾದಿಯನ್ನರಿಯದವನಿಗೆ ಊರು ಬರಬರುತ್ತ ರಜೆಯ ಬಿಡಾರವಾಗಿ ಉಳಿಯುತ್ತದೆಯೇ ಹೊರತು ತನ್ನದಾಗುವುದಿಲ್ಲ.

ಈಚೆಗೆ ನಮ್ಮ ತರುಣರಲ್ಲಿ ಇನ್ನೊಂದು ಹಂಬಲ ಕಾಣುತ್ತಿದೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ದೊರೆಯುವ ಜೀಪನ್ನು ಏರಿ, ಡೇರೆ ಹೂಡುತ್ತ, ನಾರ್ವೆ, ಸ್ವೀಡನ್ ದೇಶಗಳ ಉದ್ದಕ್ಕೂ ಸಂಚರಿಸಬೇಕೆಂಬ ಹಂಬಲವದು. ಇದನ್ನು ನಾವು ಹಳಿಯುವುದಿಲ್ಲ. ಆದರೆ ಅಂಥ ಪ್ರವಾಸದ ಮೊದಲ ಪಾಠವನ್ನು ಪನವೇಲದಿಂದ ಮಂಗಳೂರಿಗೆ ಹೋಗುವ ನಮ್ಮದೇ ಹೆದ್ದಾರಿಯಲ್ಲಿ ಕಲಿಯುವುದು ಲೇಸೆಂದು ಹೇಳಬಯಸುತ್ತೇವೆ.

ಪರರ ನೆಲದಲ್ಲಿ ಒಂದು ರಾತ್ರಿ

ಡೇರೆಯ ಪ್ರವಾಸದಲ್ಲಿ ಮೊದಲು ಏಳಬೇಕಾದ ಪ್ರಶ್ನೆ ವಾಹನದ್ದಲ್ಲ, ನೆಲದ್ದು. ನಾವು ಮಲಗುವ ನೆಲ ಯಾರದು? ನಾರ್ವೆಯಲ್ಲಿ 1957ರ ಕಾಯಿದೆಯೊಂದು ಇದಕ್ಕೆ ಉತ್ತರ ಕೊಟ್ಟಿದೆ. ಸಾಗುವಳಿಯಿಲ್ಲದ ನೆಲದಲ್ಲಿ, ಜನವಸತಿಯ ಮನೆಯಿಂದ 150 ಮೀಟರಿಗಿಂತ ದೂರದಲ್ಲಿ, ಯಾರೇ ಆಗಲಿ ಡೇರೆ ಹೂಡಬಹುದು. ಎರಡು ರಾತ್ರಿಗಳಿಗಿಂತ ಹೆಚ್ಚು ಉಳಿಯಬೇಕಾದರೆ ಸಾಮಾನ್ಯವಾಗಿ ಒಡೆಯನ ಒಪ್ಪಿಗೆ ಪಡೆಯಬೇಕು. ಸ್ವೀಡನ್ನಿನಲ್ಲಿಯೂ ಇಂಥ ಹಕ್ಕಿದೆ. ನೆರೆಯ ಡೆನ್ಮಾರ್ಕಿನಲ್ಲಿ ಅಷ್ಟು ವಿಶಾಲವಾದ ಹಕ್ಕಿಲ್ಲ. ನಮ್ಮ ತರುಣರು ಮರೆಯುವ ಸಂಗತಿ ಇನ್ನೊಂದಿದೆ. ಈ ಹಕ್ಕು ಕಾಲ್ನಡಿಗೆಯವನದೇ ಹೊರತು ಮೋಟಾರಿನದಲ್ಲ. ರಸ್ತೆ ಬಿಟ್ಟು ಹುಲ್ಲುಗಾವಲಿನಲ್ಲೋ ಕಾಡಿನಲ್ಲೋ ಜೀಪು ನುಗ್ಗಿಸುವುದು ಆ ಎರಡು ದೇಶಗಳಲ್ಲಿಯೂ ಅಪರಾಧವೇ.

ನಮ್ಮಲ್ಲಿ ಅಂಥ ಕಾಯಿದೆಯಿಲ್ಲ. ಇಲ್ಲಿ ಪ್ರತಿಯೊಂದು ರಾತ್ರಿಗೂ ಯಾರದಾದರೂ ಒಪ್ಪಿಗೆ ಬೇಕು. ತೋಟವಾದರೆ ಮನೆಯ ಯಜಮಾನನನ್ನು, ದೇವಸ್ಥಾನದ ಬಯಲಾದರೆ ಆಡಳಿತದವರನ್ನು, ಕಡಲತೀರವಾದರೆ ಗ್ರಾಮ ಪಂಚಾಯಿತಿಯನ್ನು ಕೇಳಬೇಕು. ಕಾಯ್ದಿಟ್ಟ ಅರಣ್ಯಕ್ಕೆ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಲೇಬಾರದು. ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಕೇಳುವ ನೆಪದಿಂದಲೇ ಹಾದಿಯ ಜನರ ಪರಿಚಯವಾಗುತ್ತದೆ.

ಹಾದಿ ಮತ್ತು ಮಜಲು

ಡೊಂಬಿವಲಿ, ಕಲ್ಯಾಣದವರು ಶಿಳ್ ಫಾಟಾ, ತಳೋಜೆಗಳ ಮೂಲಕ ಪನವೇಲವನ್ನು ತಲುಪಬಹುದು. ಮೊದಲು 17ನೆಯದೆಂದು ಕರೆಯಲ್ಪಡುತ್ತಿದ್ದ, ಈಗ 66ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಅಲ್ಲಿಂದ ಆರಂಭವಾಗಿ ಕನ್ಯಾಕುಮಾರಿಯವರೆಗೆ ಸಾಗುತ್ತದೆ. ಮಂಗಳೂರಿಗೆ ಸುಮಾರು 900 ಕಿಲೋಮೀಟರ್. ದಿನಕ್ಕೆ 200 ಕಿಲೋಮೀಟರಿಗೆ ಮೀರದಂತೆ ಐದು ಹಗಲು, ನಾಲ್ಕು ರಾತ್ರಿಗಳ ಲೆಕ್ಕ ಹಾಕಬೇಕು. ಚಿಪಳೂಣದ ಸುತ್ತ ಮೊದಲ ರಾತ್ರಿ, ಕಣಕವಲಿ ಅಥವಾ ಕುಡಾಳದ ಬಳಿ ಎರಡನೆಯದು, ಗೋವೆಯನ್ನು ದಾಟಿ ಕಾರವಾರದ ಸಮೀಪ ಮೂರನೆಯದು, ಕುಂದಾಪುರದ ಆಸುಪಾಸಿನಲ್ಲಿ ನಾಲ್ಕನೆಯದು. ಈ ಕೊನೆಯ ಮಜಲಿಗೆ ಮೊದಲು ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ ಕಾಣಿಸುತ್ತವೆ. ಆ ನೋಟವನ್ನು ರಾತ್ರಿಯ ಬಸ್ಸಿನಲ್ಲಿ ನಿದ್ರಿಸಿ ಕಳೆದುಕೊಂಡವರು ನಮ್ಮಲ್ಲಿ ಎಷ್ಟು ಮಂದಿಯೋ!

ಕೊಂಕಣದ ಭಾಗದಲ್ಲಿ ರಸ್ತೆ ಅಗಲಿಸುವ ಕೆಲಸ ವರ್ಷಗಟ್ಟಲೆ ಎಳೆದಾಡಿದೆ. ತಿರುವುದಾರಿಗಳನ್ನೂ ಹೊಂಡಗಳನ್ನೂ ನೆನೆದು, ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ಬಿಡಾರದ ಸ್ಥಳವನ್ನು ಸೇರಬೇಕು. ಕತ್ತಲಲ್ಲಿ ಹುಡುಕಿದ ಜಾಗ ಒಳ್ಳೆಯದಾಗಿರುವುದು ಅಪರೂಪ.

ಮಳೆಗಾಲದಲ್ಲಿ ಬೇಡ

ಕಾಲದ ವಿಷಯದಲ್ಲಿ ನಮ್ಮ ಮಾತು ಖಂಡಿತವಾದದ್ದು. ನವೆಂಬರದಿಂದ ಫೆಬ್ರವರಿಯವರೆಗೆ ಮಾತ್ರ ಈ ಪ್ರವಾಸ ಯೋಗ್ಯ. 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ನೆರೆಯಲ್ಲಿ ಕೊಚ್ಚಿಹೋದಾಗ ಎರಡು ಎಸ್.ಟಿ. ಬಸ್ಸುಗಳು ಪ್ರಯಾಣಿಕರೊಡನೆ ಹೊಳೆಯ ಪಾಲಾದವು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಸ್ತೆ ಬದಿಯ ಚಹದಂಗಡಿಯೂ ಅಲ್ಲಿದ್ದ ಜನರೂ ವಾಹನಗಳೂ ಮಣ್ಣಿನಡಿಗೂ ಗಂಗಾವಳಿ ನದಿಗೂ ಸೇರಿದವು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿದುಬಿತ್ತು.

ಈ ದುರಂತಗಳಿಂದ ನಾವು ಕಲಿಯಬೇಕಾದದ್ದು ಸ್ಪಷ್ಟ. ಮಣ್ಣು ಕಡಿದ ಗುಡ್ಡದ ಬುಡದಲ್ಲಿ, ಯಾವ ಋತುವಿನಲ್ಲಾದರೂ ಸರಿಯೆ, ಊಟಕ್ಕಾಗಲಿ ನಿದ್ರೆಗಾಗಲಿ ನಿಲ್ಲಬಾರದು. ಹೊಳೆಯ ಪಾತ್ರದಲ್ಲಿ, ಅಳಿವೆಯ ದಂಡೆಯಲ್ಲಿ, ಭರತದ ನೀರು ಮುಟ್ಟುವ ಗೆರೆಯ ಒಳಗೆ ಡೇರೆ ಹೂಡಬಾರದು.

ವಾಹನ ಮತ್ತು ಸಾಮಾನು

ನಾಲ್ಕು ಚಕ್ರಗಳ ಬಲ ಕೆಸರಿಗೆ, ಸಡಿಲ ಮಣ್ಣಿಗೆ, ಕಡಿದಾದ ಏರಿಗೆ ಇರುವುದು. ಸಾಧಾರಣ ಜೀಪುಗಳಲ್ಲಿ ಒಣಗಿದ ಡಾಂಬರಿನ ಮೇಲೆ ಅದನ್ನು ಹಾಕಿ ಓಡಿಸಿದರೆ ಯಂತ್ರಕ್ಕೆ ಕೇಡು. ಹೆದ್ದಾರಿಯಿಂದ ತೋಟದವರೆಗಿನ ಮಣ್ಣುಹಾದಿಯಲ್ಲಿ ಅದರ ಪ್ರಯೋಜನ ತಿಳಿಯುತ್ತದೆ. ಕಡಲತೀರದ ಮರಳಿನ ಮೇಲೆ ಜೀಪಿನ ಸಾಹಸ ತೋರಿಸುವುದು ಬೇಡವೇ ಬೇಡ. ಗೋವೆಯಲ್ಲಿ ಅದಕ್ಕೆ ನಿಷೇಧವಿದೆ. ಮೇಲಾಗಿ, ನಾವು ಹೊರಡುವ ಚಳಿಗಾಲದಲ್ಲಿಯೇ ಕಡಲಾಮೆಗಳು ಈ ತೀರಗಳಿಗೆ ಬಂದು ಮರಳಿನೊಳಗೆ ಮೊಟ್ಟೆಯಿಡುತ್ತವೆ. ರತ್ನಾಗಿರಿ ಜಿಲ್ಲೆಯ ವೇಳಾಸ್ ಗ್ರಾಮಸ್ಥರು ಆ ಮೊಟ್ಟೆಗಳನ್ನು ಕಾಪಾಡಿ ಹೆಸರು ಪಡೆದಿದ್ದಾರೆ. ಅಂಥ ಮರಳಿನ ಮೇಲೆ ಒಂದು ಚಕ್ರ ಹರಿದರೆ ಒಂದು ಗೂಡೇ ನಾಶವಾದೀತು.

ಭಾರವಾದ ಸಾಮಾನನ್ನು ಜೀಪಿನ ನೆತ್ತಿಯ ಮೇಲೆ ಹೇರದೆ ಕೆಳಗೆ, ಮುಂದಿನ ಹಿಂದಿನ ಚಕ್ರಗಳ ನಡುವೆ ಇಡಬೇಕು. ಇಲ್ಲವಾದರೆ ಘಾಟಿಯ ತಿರುವಿನಲ್ಲಿ ವಾಹನ ವಾಲುತ್ತದೆ. ಕುಡಿಯಲೂ ಅಡಿಗೆಗೂ ತಲೆಗೆ ದಿನಕ್ಕೆ ಐದು ಲೀಟರಿನಂತೆ ನೀರು, ಬದಲಿ ಚಕ್ರ, ಎಳೆಯುವ ಹಗ್ಗ, ಟಾರ್ಚು, ಔಷಧಿಯ ಪೆಟ್ಟಿಗೆ, ಕಸಕ್ಕೊಂದು ಚೀಲ ಇಷ್ಟಿರಲಿ. ಮುಚ್ಚಿದ ಡೇರೆಯೊಳಗೆ ಒಲೆ ಹಚ್ಚಬಾರದು. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬೆಳಿಗ್ಗೆ ಬೂಟುಗಳನ್ನು ಕೊಡವಿ ಹಾಕಿಕೊಳ್ಳಬೇಕು. ಹಾವು ಕಚ್ಚಿದರೆ ಮಂತ್ರ ಮದ್ದುಗಳಲ್ಲಿ ಕಾಲ ಕಳೆಯದೆ ನೇರವಾಗಿ ಸರಕಾರಿ ಆಸ್ಪತ್ರೆಗೆ ಸಾಗಬೇಕು.

ನಮ್ಮ ಬಳಿಯಿರುವ ಬಂಡವಾಳ

ಸ್ಕ್ಯಾಂಡಿನೇವಿಯಕ್ಕೆ ಹೋಗುವವನಿಗೆ ಸಾರಿಗೆ ಕಚೇರಿಯಿಂದ ಒಂದು ವರ್ಷದ ಅವಧಿಯ ಅಂತರರಾಷ್ಟ್ರೀಯ ಚಾಲನಾ ಪರವಾನೆ ಬೇಕು, ಷೆಂಗೆನ್ ವೀಸಾ ಬೇಕು, ಜೀಪನ್ನು ಹಡಗಿನಲ್ಲಿ ಕಳುಹಿಸುವ ಇಲ್ಲವೆ ಅಲ್ಲಿಯೇ ಬಾಡಿಗೆಗೆ ಹಿಡಿಯುವ ಹಣ ಬೇಕು. ಊರ ಹಾದಿಗೆ ಬೇಕಾದ ಬಂಡವಾಳ ಬೇರೆ ಬಗೆಯದು, ಅದು ನಮ್ಮಲ್ಲಿ ಆಗಲೇ ಇದೆ. ಡೊಂಬಿವಲಿಯ ಶಾಲೆಯಲ್ಲಿ ಕಲಿತ ಮರಾಠಿ ಬಾಂದೆಯವರೆಗೆ ನಡೆಯುತ್ತದೆ. ಮಾಜಾಳಿಯನ್ನು ದಾಟಿದ ಮೇಲೆ ಮನೆಯಲ್ಲಿ ಆಡುವ ಕನ್ನಡವೋ ಕೊಂಕಣಿಯೋ, ಮುಂದೆ ತುಳುವೋ ಕೈ ಹಿಡಿಯುತ್ತದೆ.

ಆದುದರಿಂದ ನಮ್ಮದೊಂದು ಸೂಚನೆ. ಬಿಡಾರಕ್ಕೆ ಜಾಗ ಕೇಳುವ ಕೆಲಸವನ್ನು ಹಿರಿಯರು ತಾವೇ ಮಾಡದೆ ಮಕ್ಕಳಿಗೆ ಒಪ್ಪಿಸಲಿ. “ಅಣ್ಣಾ, ಈ ರಾತ್ರಿ ನಿಮ್ಮ ತೋಟದಲ್ಲಿ ಡೇರೆ ಹಾಕಲು ಅಪ್ಪಣೆ ಕೊಡುತ್ತೀರಾ?” ಎಂದು ಕೇಳಲು ಬಂದ ಹುಡುಗನನ್ನು ಆ ಮನೆಯವರು ಯಾವ ಊರು, ಯಾರ ಮನೆಯವನು ಎಂದು ವಿಚಾರಿಸದೆ ಇರಲಾರರು. ಆ ಪ್ರಶ್ನೆಗೆ ತನ್ನ ನಾಲಿಗೆಯಲ್ಲಿಯೇ ಉತ್ತರ ಕೊಡಲು ಕಲಿತ ಮಗು ಊರಿಗೆ ಅತಿಥಿಯಾಗಿ ಉಳಿಯುವುದಿಲ್ಲ. ಬರುವ ನವೆಂಬರಕ್ಕೆ ಇನ್ನೂ ಸಮಯವಿದೆಯೆಂದು ತಡಮಾಡದೆ, ನಕ್ಷೆಯನ್ನು ಇಂದೇ ಮಕ್ಕಳ ಮುಂದೆ ಹರಡಿರಿ.