ಗಡಿಕಲ್ಲೂ ಗಡಿಯೂ

2022ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಗಡಿಯಿಂದಾಚೆ ಕನಿಷ್ಠ 1 ಕಿಲೋಮೀಟರು ಸೂಕ್ಷ್ಮವಲಯವಿರಬೇಕೆಂದಿತು. 2023ರ ಏಪ್ರಿಲ್‌ನಲ್ಲಿ ಅದನ್ನು ಸಡಿಲಿಸಿತು. ನಡುವಿನ ತಿಂಗಳುಗಳಲ್ಲಿ ಕಾಡಂಚಿನ ರೈತನ ಪ್ರಶ್ನೆ ಒಂದೇ: ನನ್ನ ಮನೆ ವಲಯದ ಒಳಗೋ, ಹೊರಗೋ?

ನಕ್ಷೆಯಲ್ಲಿ ಕಾಡೊಂದು ಬಹುಭುಜಾಕೃತಿ, ಮನೆಯೊಂದು ಬಿಂದು. ಗಡಿಕಲ್ಲುಗಳಿಗಷ್ಟೇ ದೂರ ಅಳೆದರೆ ಮೋಸಹೋಗುತ್ತೇವೆ. ಎರಡು ಕಲ್ಲುಗಳ ನಡುವೆ 4 ಕಿಲೋಮೀಟರು ನೇರ ಗಡಿಯಿದೆಯೆನ್ನಿ. ಅದರ ನಡುಮಧ್ಯಕ್ಕೆದುರಾಗಿ ಅರ್ಧ ಕಿಲೋಮೀಟರಿನಲ್ಲಿ ನಿಂತ ಮನೆಗೆ ಆ ಎರಡು ಕಲ್ಲುಗಳೂ 2 ಕಿಲೋಮೀಟರಿಗಿಂತ ದೂರ! ಸಾಹಿತ್ಯದ ಮೇಷ್ಟರಾದ ನಾನು ಇದನ್ನು ಹಾಳೆಯ ಮೇಲೆ ಗೀಟೆಳೆದೇ ನಂಬಿದೆ. ಆದುದರಿಂದ ಪ್ರತಿ ಭುಜಕ್ಕೂ ಲಂಬವೆಳೆದು, ಲಂಬವು ಭುಜದಾಚೆ ಬಿದ್ದರೆ ಮಾತ್ರ ಹತ್ತಿರದ ಕಲ್ಲಿಗೆ ಅಳೆದು, ಅತ್ಯಂತ ಕಿರಿದಾದ ದೂರವನ್ನು ಆರಿಸಬೇಕು.

ಇನ್ನೊಂದು ಎಚ್ಚರ: ರೇಖಾಂಶದ ಒಂದು ಡಿಗ್ರಿ ಭೂಮಧ್ಯರೇಖೆಯಲ್ಲಿ 111 ಕಿಲೋಮೀಟರು, ಡೆಹರಾಡೂನಿನಲ್ಲಿ ಸುಮಾರು 96. ಇದನ್ನು ಮರೆತರೆ ಅಲ್ಲಿ ಪೂರ್ವ-ಪಶ್ಚಿಮದ 1 ಕಿಲೋಮೀಟರಿಗೆ ಸುಮಾರು 150 ಮೀಟರು ತಪ್ಪುತ್ತದೆ.