ಜೇಬುಚಾಕು: ಕೊಟ್ಟ ಬೆಲೆಗೆ ತಕ್ಕ ಬಾಳಿಕೆ ಇದೆಯೇ?

ವ್ಯಾಪಾರ ಮಳಿಗೆಯ ಲೆಕ್ಕಪುಸ್ತಕದಲ್ಲಿ ಚಾಕುವಿಗೆಂದು ಪ್ರತ್ಯೇಕ ಖಾತೆ ಇರುವುದಿಲ್ಲ. ಅದು ಚಿಲ್ಲರೆ ಖರ್ಚಿನಲ್ಲಿ ಸೇರಿಹೋಗುತ್ತದೆ. ಆದರೆ ತುಮಕೂರಿನ ಮಂಡಿಯಲ್ಲಿ ಮೂಟೆಯ ಹೊಲಿಗೆ ಬಿಚ್ಚುವುದಕ್ಕೂ ವಸಂತನರಸಾಪುರದ ಕಾರ್ಖಾನೆಯಲ್ಲಿ ಕಾರ್ಟನ್ ತೆರೆಯುವುದಕ್ಕೂ ದಿನಕ್ಕೆ ಹತ್ತಾರು ಬಾರಿ ಕೈಗೆ ಬರುವ ಸಾಧನ ಇದೇ. ಅಲಗು ಮಡಿಚಿಕೊಂಡು ಕೆಲಸಗಾರನ ಬೆರಳು ಕೊಯ್ದರೆ ಚಿಕಿತ್ಸೆಯ ವೆಚ್ಚ, ತಪ್ಪಿದ ಕೂಲಿ, ನಿಂತ ಕೆಲಸ ಎಲ್ಲವೂ ಆ ಚಾಕುವಿನ ಬೆಲೆಗೇ ಸೇರಬೇಕಾದ ಮೊತ್ತಗಳು. ಆದುದರಿಂದ ಈ ಸಣ್ಣ ಖರೀದಿಯನ್ನೂ ಲೆಕ್ಕ ಹಾಕಿಯೇ ಮಾಡುವುದು ಒಳಿತು.

ಮೊದಲು ಕೆಲಸ, ಅನಂತರ ಚಾಕು

ಎಲ್ಲ ಕೆಲಸಕ್ಕೂ ಒಂದೇ ಚಾಕು ಒಗ್ಗುವುದಿಲ್ಲ. ತುಮಕೂರು ನಗರದ ಸಗಟು ಮಳಿಗೆ ಹಾಗೂ ಗೋದಾಮುಗಳಲ್ಲಿ ಹೆಚ್ಚಿನ ಕೆಲಸ ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ ಮತ್ತು ಪ್ಲಾಸ್ಟಿಕ್ ಹಾಳೆಗಳದು. ರಟ್ಟು ಅಲಗಿನ ಹರಿತವನ್ನು ಬೇಗ ತಿನ್ನುತ್ತದೆ. ಇಲ್ಲಿ ತುದಿ ಮುರಿದು ಹೊಸ ಬಾಯಿ ಪಡೆಯುವ ಕಟರ್ ಸೂಕ್ತ. ಈ ಬಗೆಯ ಕಟರನ್ನು 1956ರಲ್ಲಿ ಜಪಾನಿನ ಯೋಶಿಯೊ ಒಕಾಡಾ ರೂಪಿಸಿದರು. ಒಡೆದ ಗಾಜಿನ ಚೂರಿನ ಹರಿತವನ್ನೂ ಮುರಿದು ತಿನ್ನುವ ಚಾಕೊಲೇಟ್ ಬಿಲ್ಲೆಯನ್ನೂ ಕಂಡು ಅವರಿಗೆ ಈ ಉಪಾಯ ಹೊಳೆಯಿತೆಂದು ಹೇಳಲಾಗುತ್ತದೆ. ಗೋದಾಮಿನ ಕೆಲಸಕ್ಕೆ 9 ಮಿಲಿಮೀಟರಿನ ತೆಳು ಅಲಗಿಗಿಂತ 18 ಮಿಲಿಮೀಟರಿನದೇ ಲೇಸು.

ಗುಬ್ಬಿಯ ಕಡೆ ಪರಿಸ್ಥಿತಿ ಬೇರೆ. ಅಡಿಕೆ, ತೆಂಗು, ಚೇಳೂರಿನ ಹಲಸು ಇವುಗಳ ನಡುವೆ ಓಡಾಡುವ ಚಾಕುವಿಗೆ ಒಗರು ಮತ್ತು ಅಂಟಿನ ಕಾಟ. ಹಸಿ ಅಡಿಕೆಯ ಒಗರಿಗೆ ಕಾರಣವಾದ ಟ್ಯಾನಿನ್ ಸಾಧಾರಣ ಉಕ್ಕಿನ ಅಲಗನ್ನು ಕಪ್ಪಾಗಿಸುತ್ತದೆ. ಇಲ್ಲಿ ಸ್ಟೇನ್‌ಲೆಸ್ ಅಲಗು ಅನುಕೂಲ. ಹಲಸು ಕೊಯ್ಯುವ ಮುನ್ನ ಅಲಗಿಗೆ ಎಣ್ಣೆ ಸವರುವ ರೂಢಿಯನ್ನು ಜೇಬುಚಾಕುವಿಗೂ ಅನ್ವಯಿಸಬಹುದು. ಆದರೆ ಎಣ್ಣೆ ಹಿಡಿಗೆ ತಾಗಿ ಕೈ ಜಾರದಂತೆ ಎಚ್ಚರ ವಹಿಸಬೇಕು.

ರಾಷ್ಟ್ರೀಯ ಹೆದ್ದಾರಿ 75 ಹಾದುಹೋಗುವ ಕುಣಿಗಲ್‌ನಲ್ಲಿ ಲಾರಿ ಸರಕಿನ ಹಗ್ಗ ಮತ್ತು ಟಾರ್ಪಾಲಿನ್ ಕೆಲಸ ಮುಖ್ಯ. ದಪ್ಪ ಹಗ್ಗವನ್ನು ಒತ್ತಿ ಕೊಯ್ಯುವಾಗ ಕಟರಿನ ತೆಳು ಅಲಗು ಮುರಿಯಬಹುದು. ಇದಕ್ಕೆ 3 ಅಂಗುಲದಷ್ಟು ಅಲಗಿನ, ತೆರೆದಾಗ ಲಾಕ್ ಆಗುವ, ಮಡಿಚುವ ಚಾಕು ಬೇಕು. ಕಬ್ಬಿಣದ ಪಟ್ಟಿ ಬಿಗಿದ ಸರಕಿಗೆ ಯಾವ ಚಾಕುವೂ ಸಲ್ಲದು. ಅದಕ್ಕೆ ಪಟ್ಟಿ ಕತ್ತರಿಯನ್ನೇ ಬಳಸತಕ್ಕದ್ದು.

ಅಂಗಡಿಯಲ್ಲೇ ಪರೀಕ್ಷೆ

ಮಾರಾಟಗಾರರು ಕಾಗದ ಕೊಯ್ದು ತೋರಿಸುವುದುಂಟು. ಮೊದಲ ದಿನ ಕಾಗದ ಕೊಯ್ಯದ ಚಾಕು ವಿರಳ. ಅದಕ್ಕಿಂತ ಈ ಅಂಶಗಳನ್ನು ನೋಡುವುದು ಮೇಲು.

ಒಂದು: ಅಲಗು ತೆರೆದು ಪಕ್ಕಕ್ಕೆ ಮೆಲ್ಲಗೆ ಅಲುಗಿಸಬೇಕು. ಸಡಿಲವಿದ್ದರೆ ಬಿಡಬೇಕು. ಕೀಲಿಗೆ ರಿವೆಟ್ ಬದಲು ಸ್ಕ್ರೂ ಇದ್ದರೆ ಮುಂದೆ ಬಿಗಿ ಮಾಡಿಕೊಳ್ಳಬಹುದು.

ಎರಡು: ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮರದ ಹಲಗೆಗೆ ಒತ್ತಬೇಕು. ಲಾಕ್ ಜಾರಿದರೆ ಆ ಚಾಕು ಎಷ್ಟು ಅಗ್ಗವಾದರೂ ಬೇಡ.

ಮೂರು: ಮಡಿಚಿದಾಗ ಅಲಗಿನ ಮೊನೆ ಹಿಡಿಯೊಳಗೆ ಪೂರ್ತಿ ಅಡಗಿರಬೇಕು.

ನಾಲ್ಕು: ‘ಸ್ಟೇನ್‌ಲೆಸ್’ ಎಂಬ ಅಚ್ಚು ಮಾತ್ರದಿಂದ ಹದ ತಿಳಿಯದು. ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಉಕ್ಕು ಸ್ಟೇನ್‌ಲೆಸ್ ಎನಿಸಿಕೊಳ್ಳುತ್ತದೆ. ಬಾಯಿ ನಿಲ್ಲುವುದು ಇಂಗಾಲದ ಅಂಶ ಮತ್ತು ಹದ ಹಾಕಿದ ಕ್ರಮದಿಂದ. ಉಕ್ಕಿನ ದರ್ಜೆ ಹಾಗೂ ಗಡಸುತನ ನಮೂದಿಸಿರುವ ತಯಾರಿಕೆಗೆ ಆದ್ಯತೆ ನೀಡಬೇಕು. ರಾಕ್‌ವೆಲ್ ಮಾಪನದಲ್ಲಿ 55ರಿಂದ 58ರ ಗಡಸುತನ ದಿನಬಳಕೆಗೆ ಸಾಕು.

ಡಜನ್ ಕೊಳ್ಳುವವರು ಮೊದಲು ಒಂದನ್ನೇ ತಂದು, ಹದಿನೈದು ದಿನ ಕೆಲಸಗಾರರ ಕೈಯಲ್ಲಿ ಬಳಸಿ ನೋಡುವುದು ಎಲ್ಲಕ್ಕಿಂತ ಉತ್ತಮ ಪರೀಕ್ಷೆ.

ತಿಂಗಳ ಲೆಕ್ಕ

ಬೆಲೆಯನ್ನು ಬಾಳಿಕೆಯ ತಿಂಗಳುಗಳಿಂದ ಭಾಗಿಸಿದರೆ ನಿಜವಾದ ದರ ತಿಳಿಯುತ್ತದೆ. ಉದಾಹರಣೆಗೆ, 60 ರೂಪಾಯಿಯ ಚಾಕು ಎರಡು ತಿಂಗಳು ಬಂದರೆ ತಿಂಗಳಿಗೆ 30 ರೂಪಾಯಿ. 450 ರೂಪಾಯಿಯದು ಮೂರು ವರ್ಷ ಬಂದರೆ ತಿಂಗಳಿಗೆ ಹನ್ನೆರಡೂವರೆ ರೂಪಾಯಿ. 2,400 ರೂಪಾಯಿಯದು ಎಂಟು ವರ್ಷ ಬಂದರೆ 25 ರೂಪಾಯಿ. ಆದರೆ ಮೊದಲ ವರ್ಷದ ಕೊನೆಗೇ ಕಳೆದುಹೋದರೆ 200 ರೂಪಾಯಿ. ಹತ್ತು ಕೈ ಬದಲಾಗುವ ಗೋದಾಮಿಗೆ ಮಧ್ಯಮ ಬೆಲೆಯದೇ ಲಾಭಕರ. ದುಬಾರಿಯದು ಒಬ್ಬರೇ ಜೋಪಾನವಾಗಿ ಬಳಸುವುದಾದರೆ ಮಾತ್ರ ಗಿಟ್ಟುತ್ತದೆ. ಕಟರಿನ ಲೆಕ್ಕದಲ್ಲಿ ಬದಲಿ ಅಲಗುಗಳ ಖರ್ಚನ್ನೂ ಸೇರಿಸಬೇಕು. ಅವು ಊರಿನಲ್ಲೇ ಸಿಗುವ ಅಳತೆಯವೇ ಎಂದು ಖಚಿತಪಡಿಸಿಕೊಳ್ಳಬೇಕು.

ಹಲವು ಉಪಕರಣಗಳುಳ್ಳ ಚಾಕು ಆಕರ್ಷಕವಾಗಿ ಕಾಣುತ್ತದೆ. ಸ್ವಿಸ್ ಸೇನೆಯ 1890ರ ಮಾದರಿಯಲ್ಲಿ ಇದ್ದುದು ಅಲಗು, ರಂಧ್ರ ಕೊರೆಯುವ ಮೊಳೆ, ಡಬ್ಬಿ ತೆರೆಯುವ ಸಾಧನ, ಸ್ಕ್ರೂಡ್ರೈವರ್ ಎಂಬ ನಾಲ್ಕು ಮಾತ್ರ. ನಾಲ್ಕೂ ಸೈನಿಕನಿಗೆ ಬೇಕಾದವೇ. ಹನ್ನೆರಡು ಉಪಕರಣಗಳಲ್ಲಿ ಮೂರನ್ನಷ್ಟೇ ಬಳಸುವವರು ಉಳಿದ ಒಂಬತ್ತಕ್ಕೂ ಹಣ ತೆತ್ತಂತಾಗುತ್ತದೆ.

ಬಿಲ್ಲು ಮತ್ತು ಕಾನೂನು

ಚಾಕುಗಳ ಮೇಲಿನ ಜಿ.ಎಸ್.ಟಿ. 2022ರ ಜುಲೈ 18ರಿಂದ ಶೇಕಡಾ 12ರಿಂದ 18ಕ್ಕೆ ಏರಿತು. ವ್ಯವಹಾರದ ಬಳಕೆಗೆ ಬಿಲ್ಲು ಪಡೆದು ಕೊಂಡರೆ ನೋಂದಾಯಿತ ವರ್ತಕರು ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೋಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಆಮದಾದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ ಹಾಗೂ ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಇವಿಲ್ಲದ ಪೊಟ್ಟಣದ ‘ವಿದೇಶಿ’ ಹೆಸರಿಗೆ ಮರುಳಾಗಬಾರದು. ವಿಮಾನ ಪ್ರಯಾಣದಲ್ಲಿ ಜೇಬುಚಾಕುವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ.

ಆರೈಕೆ

ಮೊಂಡು ಅಲಗಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಕೈ ಜಾರುವುದೂ ಆಗಲೇ. ವಾರಕ್ಕೊಮ್ಮೆ ಸಾಣೆಕಲ್ಲಿನ ಮೇಲೆ ಉಜ್ಜಿ, ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಬಾಳಿಕೆ ಹೆಚ್ಚುತ್ತದೆ. ಮುರಿದ ಕಟರ್ ಅಲಗುಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಕೂಡಿಡಬೇಕು. ಕಸದೊಡನೆ ಎಸೆದರೆ ಪೌರಕಾರ್ಮಿಕರ ಕೈಗೆ ಗಾಯವಾಗುತ್ತದೆ. ಕೆಲಸಗಾರರಿಗೆ ಚಾಕು ಕೊಡುವ ಮಾಲೀಕರು ಅದರೊಡನೆ ಸಾಣೆಕಲ್ಲನ್ನೂ ಈ ಡಬ್ಬಿಯನ್ನೂ ಒದಗಿಸಿದರೆ, ಮಾಡಿದ ಖರ್ಚು ಸಾರ್ಥಕವಾಗುತ್ತದೆ.