ಕುಬ್ಜ ಸಿಕ್ಲಿಡ್‌ಗಳ ಸಹಬಾಳ್ವೆ

60×30×45 ಸೆಂ.ಮೀ. ಅಳತೆಯ ಒಂದು ಅಕ್ವೇರಿಯಂ, 90×30×30 ಸೆಂ.ಮೀ. ಅಳತೆಯ ಇನ್ನೊಂದು. ಲೆಕ್ಕ ಹಾಕಿ ನೋಡಿ. ಎರಡರ ಗಾತ್ರವೂ 81 ಲೀಟರ್. ಹಾಗಾದರೆ ಎರಡರಲ್ಲೂ ಅಷ್ಟೇ ಮೀನುಗಳನ್ನು ಸಾಕಬಹುದೇ? ಕುಬ್ಜ ಸಿಕ್ಲಿಡ್‌ಗಳ ಮಟ್ಟಿಗೆ ಉತ್ತರ ‘ಇಲ್ಲ’.

ಸಿಕ್ಲಿಡ್ ಕುಟುಂಬದಲ್ಲಿ ಸುಮಾರು 10 ಸೆಂ.ಮೀ.ಗಿಂತ ಹೆಚ್ಚು ಬೆಳೆಯದ ಪ್ರಭೇದಗಳಿಗೆ ಈ ಹೆಸರಿದೆ. ದಕ್ಷಿಣ ಅಮೆರಿಕದ ಅಪಿಸ್ಟೊಗ್ರಾಮಾಗಳು, ಒರಿನೊಕೊ ನದಿ ಬಯಲಿನ ರಾಮಿರೆಜಿ, ಪಶ್ಚಿಮ ಆಫ್ರಿಕಾದ ಕ್ರಿಬೆನ್ಸಿಸ್ ಇವುಗಳಲ್ಲಿ ಮುಖ್ಯವಾದವು. ಅಂಗಡಿಯಲ್ಲಿ ಶಾಂತವಾಗಿದ್ದ ಜೋಡಿಯೊಂದು ಮನೆಗೆ ಬಂದ ಕೆಲವು ವಾರಗಳಲ್ಲೇ ಇತರ ಮೀನುಗಳನ್ನು ಅಟ್ಟಿಸಿಕೊಂಡು ಹೋಗುವುದುಂಟು. ಕಾರಣವೇನು?

ಇವು ಕಲ್ಲಿನ ಮೇಲೆ ಅಥವಾ ಪೊಟರೆಯೊಳಗೆ ಮೊಟ್ಟೆಯಿಟ್ಟು, ಮೊಟ್ಟೆ ಮರಿಗಳನ್ನು ಕಾಯುತ್ತವೆ. ಆಗ ಸುತ್ತಲಿನ ತಳಭಾಗವೇ ಅವುಗಳ ಸರಹದ್ದು. ತೊಟ್ಟಿಯ ಎತ್ತರ ಹೆಚ್ಚಿಸಿದರೆ ಈ ಸರಹದ್ದಿಗೆ ಜಾಗ ಹೆಚ್ಚುವುದಿಲ್ಲ. ಮೊದಲ ತೊಟ್ಟಿಯ ತಳ 1800 ಚದರ ಸೆಂ.ಮೀ., ಎರಡನೆಯದು 2700. ಅಂದರೆ ಒಂದೂವರೆ ಪಟ್ಟು. ನದಿಯಲ್ಲಿ ಸೋತ ಗಂಡು ದೂರ ಈಜಿ ಪಾರಾಗುತ್ತದೆ. ತೊಟ್ಟಿಯಲ್ಲಿ ಗಾಜು ಅಡ್ಡ ಬರುತ್ತದೆ. ಅದು ಮೂಲೆ ಸೇರಿ, ಆಹಾರ ಬಿಟ್ಟು, ಕೊನೆಗೆ ಸಾಯಲೂಬಹುದು. ಆದ್ದರಿಂದ ಚಿಕ್ಕ ತೊಟ್ಟಿಗೆ ಒಂದೇ ಗಂಡು ಸಾಕು.

ಬೆಳಕು ನೇರ ರೇಖೆಯಲ್ಲಿ ಚಲಿಸುತ್ತದೆ. ಎದುರಾಳಿ ಕಾಣದಿದ್ದರೆ ಅಟ್ಟುವುದೂ ಕಡಿಮೆ. ಕಲ್ಲು, ಮರದ ಬೇರು, ದಟ್ಟ ಗಿಡಗಳನ್ನು ನೋಟಕ್ಕೆ ಅಡ್ಡವಾಗುವಂತೆ ಇಡಿ.

ಜೊತೆಗಾರರಾಗಿ ಮೇಲಿನ ಮತ್ತು ನಡುವಿನ ಪದರಗಳಲ್ಲಿ ಈಜುವ ಸಣ್ಣ ಮೀನುಗಳನ್ನು ಆರಿಸಿ. ನೀರಿನ ಉಷ್ಣತೆಯೂ ಹೊಂದಬೇಕು. ರಾಮಿರೆಜಿಗೆ 27ರಿಂದ 30 ಡಿಗ್ರಿ ಸೆಲ್ಸಿಯಸ್ ಬೇಕು; ಈ ಬಿಸಿ ಕಾರ್ಡಿನಲ್ ಟೆಟ್ರಾಕ್ಕೆ ಸರಿ, ತಂಪು ಬಯಸುವ ನಿಯಾನ್ ಟೆಟ್ರಾಕ್ಕೆ ಅಲ್ಲ. ತಳದಲ್ಲೇ ಅಡ್ಡಾಡುವ ಕೋರಿಡೋರಸ್ ಮೀನುಗಳು ಕತ್ತಲಲ್ಲಿ ಮೊಟ್ಟೆ ತಿನ್ನಬಹುದು. ರೆಕ್ಕೆ ಕಚ್ಚುವ ಟೈಗರ್ ಬಾರ್ಬ್ ಬೇಡವೇ ಬೇಡ.

ಇನ್ನೊಂದು ಸ್ವಾರಸ್ಯವಿದೆ. ಹಲವು ಅಪಿಸ್ಟೊಗ್ರಾಮಾಗಳಲ್ಲಿ ಮರಿಗಳ ಲಿಂಗಾನುಪಾತವನ್ನು ನೀರಿನ ಉಷ್ಣತೆ ಪ್ರಭಾವಿಸುತ್ತದೆಂದು 1996ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಿಸಿ ಹೆಚ್ಚಿದರೆ ಗಂಡುಗಳು ಹೆಚ್ಚು. ಮುಂದಿನ ಪೀಳಿಗೆಯಲ್ಲಿ ಪೈಪೋಟಿಯೂ ಹೆಚ್ಚು!

ನಿಮ್ಮ ಶಾಲೆಯಲ್ಲಿ ಇಂಥ ಅಕ್ವೇರಿಯಂ ಇದ್ದರೆ ಒಂದು ಪ್ರಯೋಗ ಮಾಡಿ. ಹತ್ತು ನಿಮಿಷದಲ್ಲಿ ಒಂದು ಮೀನು ಇತರ ಮೀನುಗಳನ್ನು ಎಷ್ಟು ಸಲ ಅಟ್ಟುತ್ತದೆಂದು ವಿದ್ಯಾರ್ಥಿಗಳಿಂದ ಎಣಿಸಿ. ನಡುವೆ ಕಲ್ಲುಗಳನ್ನಿಟ್ಟು, ಎರಡು ದಿನ ಬಿಟ್ಟು, ಅದೇ ಹೊತ್ತಿಗೆ ಮತ್ತೆ ಎಣಿಸಿ. ಮೀನಿನ ‘ಸ್ವಭಾವ’ದಲ್ಲಿ ತೊಟ್ಟಿಯ ಪಾಲೆಷ್ಟು ಎಂಬುದನ್ನು ಆ ಎರಡು ಸಂಖ್ಯೆಗಳೇ ಹೇಳುತ್ತವೆ.